ಹಕ್ಕಲು

ವಾಷಿಂಗ್ಟನ್ನಿನ ಮ್ಯೂಸಿಯಂನಲ್ಲಿ ಆ ಚಿತ್ರದ ಮುಂದೆ ವೇದಾ ನಿಂತೇಬಿಟ್ಟಳು. ಕೊಯ್ಲು ಮುಗಿದ ಗೋಧಿಯ ಹೊಲ. ಸಂಜೆ. ಹೆಂಗಸರು ಬಗ್ಗಿ ಕೂಳೆಯ ನಡುವಿನಿಂದ ತೆನೆ ಹೆಕ್ಕುತ್ತಿದ್ದರು. ಒಬ್ಬಳು ಮಾತ್ರ ಸೊಂಟಕ್ಕೆ ಕೈಕೊಟ್ಟು ನೆಟ್ಟಗಾಗಿದ್ದಳು. ಹತ್ತೊಂಬತ್ತನೆಯ ಶತಮಾನದ ಫ್ರಾನ್ಸ್ ಎಂದು ಪಕ್ಕದಲ್ಲಿ ಬರೆದಿತ್ತು.

ಎಂಥ ನೆಮ್ಮದಿ ನೋಡು, ಎಂದ ಗಂಡ ಗುರುದತ್. ಅವನಿಗೆ ಷಾರ್ಲೆಟ್‌ನಲ್ಲಿ ದೊಡ್ಡ ಹುದ್ದೆ ಸಿಕ್ಕಿತ್ತು. ಅದರ ಪಕ್ಕದ ಫೋರ್ಟ್ ಮಿಲ್‌ನಲ್ಲಿ ಹೊಸ ಮನೆಯನ್ನೂ ನೋಡಿಟ್ಟಿದ್ದ. ಈ ಪ್ರವಾಸ ಅದರ ಸಂಭ್ರಮಕ್ಕೆ. ವೇದಾಳಿಗೂ ಕೆಲಸ ಸಿಕ್ಕಿತ್ತು. ವೀಸಾದ ದೆಸೆಯಿಂದ ವರ್ಷಗಟ್ಟಲೆ ಸುಮ್ಮನೆ ಕೂತ ಮೇಲೆ, ಷಾರ್ಲೆಟ್‌ನಿಂದ ಎರಡೂವರೆ ಗಂಟೆ ದೂರದ ಮಾರಿಸ್‌ವಿಲ್‌ನಲ್ಲಿ ಅವರು ಈಗಿದ್ದ ಮನೆಯ ಹತ್ತಿರವೇ, ಒಂದು ಔಷಧಿ ಕಂಪನಿಯ ಲ್ಯಾಬ್‌ನಲ್ಲಿ. ಸೋಮವಾರ ಉತ್ತರ ಕೊಡಬೇಕಿತ್ತು. ದಾರಿಯುದ್ದಕ್ಕೂ ಇಬ್ಬರೂ ಆ ಮಾತು ಎತ್ತಿರಲಿಲ್ಲ.

"ಅಮ್ಮಾ, ವಾಟ್ ಆರ್ ದೇ ಡೂಯಿಂಗ್?" ಮಗಳು ರಚನಾ ಕೇಳಿದಳು.

"ಹಕ್ಕಲು ಆಯ್ತಿದಾರೆ."

"ಇದ್ಯಾವ ಭಾಷೆ ಮಾರಾಯ್ತಿ?" ಬೆಂಗಳೂರಿನ ಗುರುದತ್ ನಕ್ಕ.

ವೇದಾ ಹೇಳಿದಳು. ಮದ್ದೂರಿನ ಕಡೆ ಅವಳ ಅಜ್ಜಿ ಶಾಂತವ್ವ ರಾಗಿ ಹೊಲದಲ್ಲಿ ಹೀಗೇ ಆಯ್ದವಳು. ಒಡೆಯ ಬೆಳೆ ಹೊತ್ತೊಯ್ದ ಮೇಲೆ ಉದುರಿ ಉಳಿದದ್ದು ಹಕ್ಕಲು. ಅದೂ ಅವನು ಹೊಲಕ್ಕೆ ದನ ಬಿಡುವ ತನಕ. ಆಮೇಲೆ ಮಡಿಲಲ್ಲಿ ಇದ್ದಷ್ಟೇ.

ಗುರುದತ್ ತಲೆದೂಗಿದ. ಮುಂದಿನ ಚಿತ್ರದ ಕಡೆ ಹೊರಳುತ್ತಾ, ಮೆತ್ತಗೆ, "ಆ ಲ್ಯಾಬ್‌ಗೆ ನೋ ಅಂತ ಮೇಲ್ ಮಾಡ್ಬಿಡು ವೇದಾ. ದಿನಾ ಅಷ್ಟು ದೂರ ಹೇಗೆ ಡ್ರೈವ್ ಮಾಡ್ತೀಯ? ಅಲ್ಲೇ ಏನಾದ್ರೂ ನೋಡೋಣ. ಸ್ಕೂಲು, ಲೈಬ್ರರಿ, ಪಾರ್ಟ್ ಟೈಮು. ನಿನಗೆ ಅಂತ ಏನಾದ್ರೂ ಉಳಿದಿರತ್ತೆ" ಎಂದ.

"ಹೂಂ, ಉಳಿದಿರತ್ತೆ," ಎಂದಳು ವೇದಾ.

ಸೋಮವಾರ ಬೇಡವೆಂದು ಬರೆದಳು.

ಮ್ಯೂಸಿಯಂ ಅಂಗಡಿಯಲ್ಲಿ ಕೊಂಡ ಆ ಚಿತ್ರದ ಪ್ರತಿಯನ್ನು ಗುರುದತ್ ಹೊಸ ಮನೆಯ ಊಟದ ಕೋಣೆಯಲ್ಲಿ ತೂಗುಹಾಕಿದ. ಗೃಹಪ್ರವೇಶದ ದಿನ ಯಾರೋ ಅದೇನೆಂದು ಕೇಳಿದರು.

"ಹಕ್ಕಲು ಅಂತ. ನಮ್ಮ ಹಳ್ಳಿ ಕಡೆ ಪದ," ಎಂದ ಗುರುದತ್. ಒಡೆಯ, ರಾಗಿ ತೆನೆ, ದನ ಬಿಡುವುದು, ಎಲ್ಲ ವಿವರಿಸಿದ. ಇಲ್ಲಿದ್ದೂ ಎಂಥ ಕನ್ನಡ ಉಳಿಸಿಕೊಂಡಿದ್ದೀರಿ ಎಂದು ಬಂದಿದ್ದವರಲ್ಲಿ ಹಿರಿಯರಾದ ಹರಿಣಿ ಆಂಟಿ ಹೊಗಳಿದರು.

ರಚನಾ ಅಡುಗೆಮನೆಗೆ ಬಂದಳು. "ಅಮ್ಮಾ, ದಟ್ ವಾಸ್ ಯುವರ್ ವರ್ಡ್."

ಸಿಂಕಿನ ಮೇಲೆ ಬಗ್ಗಿದ್ದ ವೇದಾ ತಲೆ ಎತ್ತಲಿಲ್ಲ.

"ಇರ್ಲಿ ಬಿಡು. ಹೋಗು, ಅಲ್ಲಿ ಬಿದ್ದಿರೋ ಪೇಪರ್ ಕಪ್ಪೆಲ್ಲ ಆಯ್ಕೊಂಡು ಬಾ."