ನಮೂನೆ ಮೇಜಿಗೆ ಕೂತವಳು

ಪೆಟ್ಟಿಗೆ ಕಾರ್ಖಾನೆಯಲ್ಲಿ ಹೆಂಗಸರು ರಟ್ಟು ಮಡಿಸಬೇಕು, ಗಂಡಸರು ನಮೂನೆ ಬರೆಯಬೇಕು. ಹೀಗೆಂದು ಯಾರೂ ಬರೆದಿಟ್ಟಿರಲಿಲ್ಲ. ಬರೆದಿಡದ ಕಾನೂನನ್ನು ಮುರಿಯುವುದೇ ಕಷ್ಟ. ನಮೂನೆ ಮೇಜು ಖಾಲಿಯಾದಾಗ, ಅದು ತಮ್ಮಲ್ಲೊಬ್ಬಳಾದ ಚಿಕ್ಕಮ್ಮನಿಗೇ ಸಿಗಬೇಕೆಂದು ಮಡಿಸುವವರೆಲ್ಲ ರಟ್ಟು ಮುಟ್ಟದೆ ಕೈಕಟ್ಟಿ ಕೂತರು. ಕಡೆಗೆ ಮೇಸ್ತ್ರಿಯೇ ಬಗ್ಗಿದ.

"ಆಯ್ತು, ಚಿಕ್ಕಮ್ಮನಿಗೂ ಪರೀಕ್ಷೆ ಇಡ್ತೀನಿ. ಮೂರರಲ್ಲಿ ಎರಡು ಸರಿಯಾದ್ರೆ ಮೇಜು ಅವಳದು."

ಚೀಲದೊಳಗೆ ಕೈಯಿಟ್ಟು, ನೋಡದೆ, ಸಿಕ್ಕಿದ ಮರದ ಆಕಾರದ ಮುಖ, ಅಂಚು, ಶೃಂಗಗಳನ್ನು ಎಣಿಸಿ ಹೆಸರು ಹೇಳಬೇಕು. ಊರಿಗೆಲ್ಲ ಚಿಕ್ಕಮ್ಮನಾಗಿದ್ದವಳು ರವಿಕೆಯ ತೋಳು ಮೇಲೇರಿಸಿ ಚೀಲಕ್ಕೆ ಕೈಹಾಕಿದಳು.

"ಘನ. ಅಂಚು ಹನ್ನೆರಡು, ಶೃಂಗ ಎಂಟು, ಮುಖ ಏಳು."

ಗಂಡಸರ ಸಾಲು ಗೊಳ್ಳೆಂದಿತು. "ಏಳನೇದು ಎಲ್ಲಿ ಸಿಕ್ತು ತಾಯಿ?"

ಪಕ್ಕದಲ್ಲೇ ಮಡಿಸುತ್ತಿದ್ದ ಅವಳ ಅತ್ತೆ ಹಣೆ ಚಚ್ಚಿಕೊಂಡಳು. "ಗೋಂದು ಹಚ್ಚೋ ಪಟ್ಟಿನೂ ಎಣಿಸಿಬಿಟ್ಯಲ್ಲೇ ಮಾರಾಯ್ತಿ. ಅದು ಮರದ್ದು ಕಣೇ, ನೀನು ಅಂಟಿಸಿದ್ದಲ್ಲ."

ಚಿಕ್ಕಮ್ಮನಿಗೂ ನಗು ತಡೆಯಲಾಗಲಿಲ್ಲ. ಆದರೆ ಇನ್ನೊಂದು ತಪ್ಪಿದರೆ ಮೇಜು ಕೈತಪ್ಪಿದ ಹಾಗೆ.

ಎರಡನೆಯದು ಸುಲಭವಾಗಿ ಬಂತು: ಎರಡು ತುದಿಗೂ ತ್ರಿಕೋನ, ನಡುವೆ ಮೂರು ಆಯತ. "ಮುಖ ಐದು, ಅಂಚು ಒಂಬತ್ತು, ಶೃಂಗ ಆರು. ತ್ರಿಕೋನ ಪಟ್ಟಕ."

ಮೇಸ್ತ್ರಿ ಅದನ್ನು ತೆಗೆದು ಮೂರನೆಯದನ್ನು ಹಾಕಿದ. ಅವಳ ಬೆರಳು ಸುತ್ತಿ ಬಂತು. ಮತ್ತೆ ಐದು ಮುಖ. ಕೈ ನಿಂತಿತು.

"ಅದನ್ನೇ ಮತ್ತೆ ಹಾಕಿದ್ದಾನೆ, ಹೇಳಿ ಮುಗಿಸು," ಎಂದನೊಬ್ಬ.

"ನಿನ್ನ ಬಾಯಿಗೂ ಒಂದು ಪೆಟ್ಟಿಗೆ ಮಡಿಸಿಕೊಡ್ಲಾ?" ಎಂದಳು ಅತ್ತೆ.

ಚಿಕ್ಕಮ್ಮ ಮುಖಗಳನ್ನು ಬಿಟ್ಟು ಚುಚ್ಚುವ ಮೂಲೆಗಳನ್ನು ಹುಡುಕಿದಳು. ತಳದಲ್ಲಿ ನಾಲ್ಕು. ಮೇಲೆ, ಪಕ್ಕದ ನಾಲ್ಕು ಅಂಚುಗಳೂ ಬಂದು ಸೇರುವಲ್ಲಿ, ಒಂಟಿ ತುದಿ.

"ಮುಖ ಐದೇ. ಆದ್ರೆ ಶೃಂಗನೂ ಐದೇ, ಅಂಚು ಎಂಟು. ಪಟ್ಟಕ ಅಲ್ಲ. ಚೌಕ ತಳದ ಪಿರಮಿಡ್ಡು."

ಮೇಸ್ತ್ರಿ ಚೀಲ ಬಗ್ಗಿಸಿದ. ಪಿರಮಿಡ್ಡು ಉರುಳಿ ಕೂತಿತು. ಹೆಂಗಸರು ರಟ್ಟುಗಳನ್ನು ಬಡಿದ ಸದ್ದಿಗೆ ತಗಡಿನ ಮಾಡು ಗಡಗಡ ನಡುಗಿತು.

ಚಿಕ್ಕಮ್ಮ ಮೇಜಿನ ಮುಂದೆ ಹತ್ತಿ ಕೂತಳು. ಉದ್ದ ಕಾಲಿನವರಿಗೆಂದು ಮಾಡಿಸಿದ್ದ ಸ್ಟೂಲು. ಅವಳ ಪಾದ ನೆಲಕ್ಕೆ ತಾಗಲಿಲ್ಲ.

"ಅಭ್ಯಾಸ ಆಗುತ್ತೆ ಬಿಡು," ಎಂದ ಮೇಸ್ತ್ರಿ.

ಅತ್ತೆ ಅಷ್ಟರಲ್ಲೇ ಗರಗಸ ಹಿಡಿದು ಬಂದಿದ್ದಳು. "ಅವಳ ಕಾಲು ಬೆಳೆಯೋ ವಯಸ್ಸು ಮುಗೀತಪ್ಪ. ಏಳೇ ಮೇಲೆ, ಸ್ಟೂಲಿನ ಕಾಲು ಕೊಯ್ತೀನಿ."