ಕುತ್ತಿಗೆಯಿಂದ ಕೆಳಗಿನ ಸ್ನಾನ

“ಕೈ ತೆಗಿ. ತೆಗಿ ಅಂದ್ರೆ ತೆಗಿ, ಬೇವರ್ಸಿ.”

ಶಂಕರಿಯಮ್ಮ ಹಲ್ಲು ಕಚ್ಚಿಕೊಂಡೇ ಬೈದರು. ಮುಖಕ್ಕೆಲ್ಲ ಚಿನ್ನದ ಬಣ್ಣದ ಪ್ಯಾಕ್ ಬಳಿದಿತ್ತು. ತುಟಿ ಅಲ್ಲಾಡಿಸಿದರೆ ಅದು ಬಿರಿಯುತ್ತದೆ, ಬಿರಿದರೆ ಸುಕ್ಕು ಬೀಳುತ್ತದೆ ಎಂದು ಪಾರ್ಲರಿನ ಒಡತಿ ಜುವೈರಿಯಾ ಮೊದಲೇ ಎಚ್ಚರಿಸಿದ್ದಳು. ಹಾಗಾಗಿ ಬೈಗುಳವೂ ಮೆಲ್ಲಗೆ, ಅಳತೆ ಮೀರದೆ ಹೊರಬಂತು.

ಪಾರ್ಲರಿನ ಕೆಲಸದ ಹುಡುಗಿ ಹರಿಣಾಕ್ಷಿ ಕೈ ತೆಗೆದಳು.

ಸ್ವಲ್ಪ ಹೊತ್ತಿನ ಮೊದಲು ಇದೇ ಕೈಯನ್ನು ಶಂಕರಿಯಮ್ಮ ಹೊಗಳಿದ್ದರು. ನಾಳೆ ಮಗಳ ನಿಶ್ಚಿತಾರ್ಥ. ಇಚಿಲಂಪಾಡಿಯಿಂದ ಪುತ್ತೂರಿನವರೆಗೆ ಕಾರು ಮಾಡಿಕೊಂಡು ಬಂದದ್ದೇ ಈ ಫೇಶಿಯಲ್‌ಗೆ. ಹಬೆ ಕೊಟ್ಟು, ಕ್ರೀಮು ಹಚ್ಚಿ ಕೆನ್ನೆ ತೀಡುವಾಗ ಅವರಿಗೆ ಅರ್ಧ ನಿದ್ದೆ ಬಂದಿತ್ತು. “ನಿನ್ನ ಕೈ ಎಂತ ಹಗುರ ಮಾರಾಯ್ತಿ, ಬೆಣ್ಣೆ ಸವರಿದ ಹಾಗೆ ಆಗ್ತದೆ,” ಎಂದಿದ್ದರು. ಪ್ಯಾಕ್ ಬಳಿದು ಮುಗಿಯುವಾಗ, ಊರು ಯಾವುದು ಎಂದು ಕೇಳಿದ್ದರು.

ಹರಿಣಾಕ್ಷಿ ಅವರನ್ನು ಬಾಗಿಲಲ್ಲೇ ಗುರುತು ಹಿಡಿದಿದ್ದಳು. ಅವರಿಗೆ ಇವಳ ಗುರುತು ಸಿಕ್ಕಿರಲಿಲ್ಲ. ಅವರ ಮನೆಯಂಗಳದ ಕೊನೆಯಲ್ಲಿ ತಾಯಿಯ ಬೆನ್ನಿಗೆ ನಿಲ್ಲುತ್ತಿದ್ದ ಹುಡುಗಿಯ ಮುಖವನ್ನು ಅವರು ಯಾವತ್ತೂ ನೋಡಿದ್ದಿಲ್ಲ. ಕಡಬದ ಕಡೆ ಎಂದು ಹೇಳಿ ಮಾತು ತೇಲಿಸಬಹುದಿತ್ತು. ಆದರೆ ಬೆಣ್ಣೆಯ ಮಾತು ಅವಳೊಳಗೆ ಎಲ್ಲೋ ಕಚ್ಚಿತ್ತು.

“ಇಚಿಲಂಪಾಡಿಯೇ. ನಿಮ್ಮ ದನದ ಹಟ್ಟಿ ಕೆಲಸಕ್ಕೆ ಚೆನ್ನು ಬರ್ತಾರಲ್ಲ, ಅವರ ಮಗಳು,” ಎಂದುಬಿಟ್ಟಿದ್ದಳು.

ಬೈಗುಳ ಕೇಳಿ ಜುವೈರಿಯಾ ಓಡಿ ಬಂದಳು. ಶಂಕರಿಯಮ್ಮ ಕುರ್ಚಿಯಲ್ಲಿ ಎದ್ದು ಕುಳಿತಿದ್ದರು.

“ಮುಖ ಮುಟ್ಲಿಕ್ಕೆ ಕಾಲನಿಯವರನ್ನು ಇಟ್ಕೊಂಡಿದ್ದೀರಾ? ಒಂದು ಮಾತು ಮೊದ್ಲೇ ಹೇಳ್ಬಾರ್ದಾ?”

“ಕೆಲಸ ಒಳ್ಳೆದು ಮಾಡ್ತಾಳಲ್ಲ ಅಮ್ಮ.”

“ಇರ್ಲಿ. ಮನೆಗೆ ಹೋಗಿ ತಲೆ ಮೇಲಿಂದ ನೀರು ಹೊಯ್ಕೊಳ್ತೇನೆ.”

“ಅದು ಆಗುದಿಲ್ಲ. ಪ್ಯಾಕ್ ತೆಗ್ದ ಮೇಲೆ ನಾಳೆವರೆಗೆ ಮುಖಕ್ಕೆ ನೀರು, ಸೋಪು ಎಂತದೂ ತಾಗ್ಲಿಕ್ಕಿಲ್ಲ. ತಾಗಿದ್ರೆ ಹೊಳಪು ಹೋಯ್ತು.”

ಶಂಕರಿಯಮ್ಮ ಯೋಚನೆಗೆ ಬಿದ್ದರು. ಒಂದು ಕಡೆ ಮೈಲಿಗೆ, ಇನ್ನೊಂದು ಕಡೆ ಹೊಳಪು. ಗಂಡಿನ ಕಡೆಯವರು ಮಂಗಳೂರಿನವರು. ಮೈಲಿಗೆ ಅವರ ಕಣ್ಣಿಗೆ ಕಾಣುವಂಥದ್ದಲ್ಲ, ಸುಕ್ಕು ಕಾಣುತ್ತದೆ.

“ಇದನ್ನು ಬೇರೆ ಯಾರಾದ್ರೂ ತೆಗೀಲಿ,” ಎಂದರು ಕೊನೆಗೆ.

“ಇವತ್ತು ಇರುದು ಇವಳೊಬ್ಬಳೇ. ಬೇಕಾದ್ರೆ ನಾನೇ ತೆಗೀತೇನೆ.”

ಶಂಕರಿಯಮ್ಮ ಜುವೈರಿಯಾಳ ಬೆರಳುಗಳನ್ನು ನೋಡಿದರು. “ನೀವು ಈಗ ಊಟ ಮಾಡಿ ಬಂದದ್ದಲ್ವಾ? ಮೀನು ಎಂತಾದ್ರೂ…”

“ಬಂಗುಡೆ. ಕೈ ತೊಳ್ದಿದ್ದೇನೆ.”

“ತೊಳೆದ್ರೂ…”

ಜುವೈರಿಯಾ ಹೋಗಿ ಕೌಂಟರಿನ ಹಿಂದೆ ಕುಳಿತಳು. ಇಷ್ಟು ಹೊತ್ತು ಗಿರಾಕಿಗೆಂದು ಇಟ್ಟುಕೊಂಡಿದ್ದ ನಗುವೂ ಅವಳ ಮುಖದಲ್ಲಿ ಉಳಿದಿರಲಿಲ್ಲ.

ಶಂಕರಿಯಮ್ಮ ಕನ್ನಡಿಯ ಎದುರು ನಿಂತು ತಾವೇ ಅಂಚು ಹಿಡಿದು ಎಳೆದರು. ಪ್ಯಾಕ್ ರಬ್ಬರು ಹಾಳೆಯ ಹಾಗೆ ಒಣಗಿ ಹುಬ್ಬಿಗೆ ಕಚ್ಚಿತ್ತು. ನಾಲ್ಕು ಕೂದಲು ಕಿತ್ತು ಬಂದವು, ಕಣ್ಣಲ್ಲಿ ನೀರೂ ಬಂತು. ಹುಬ್ಬು ತಿದ್ದಿಸಲು ಕಾದು ಕುಳಿತಿದ್ದ ಇಬ್ಬರು ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಅಷ್ಟರಲ್ಲಿ ಗಂಡ ಮಹಾಗಣಪತಿಯವರ ಫೋನು. ಅಡಿಗೆಯವರು ಬಂದಾಗಿದೆ, ನೀನು ಎಲ್ಲಿ ಎಂದು.

“ಬಾ ಇಲ್ಲಿ. ತೆಗಿ ಇದನ್ನು,” ಎಂದು ಶಂಕರಿಯಮ್ಮ ಮತ್ತೆ ಕುರ್ಚಿಯಲ್ಲಿ ಕುಳಿತರು.

ಹರಿಣಾಕ್ಷಿ ಸ್ಟೂಲು ಎಳೆದು ಅವರ ಎದುರೇ ಕುಳಿತಳು.

“ಮುಟ್ಟದೆ ತೆಗೀಲಿಕ್ಕೆ ನಂಗೆ ಬರುದಿಲ್ಲ. ಮುಟ್ಟು ಅನ್ನಿ.”

“ನಿಮ್ಮ ಕಾಲನಿಗೆ ಹೋಗುವ ದಾರಿ ನಮ್ಮ ಜಾಗೆಯಲ್ಲಿ ಉಂಟು. ನೆನಪಿರ್ಲಿ.”

“ಉಂಟು. ಮುಟ್ಟು ಅನ್ನಿ.”

ಫೋನು ಮತ್ತೆ ಬಡಿದುಕೊಂಡಿತು.

“ಮುಟ್ಟು.”

“ಕೇಳ್ಲಿಲ್ಲ ಅಮ್ಮ.”

“ಮುಟ್ಟು ಮಾರಾಯ್ತಿ, ಮುಟ್ಟು.”

ಪ್ಯಾಕ್ ತುಟಿಯಿಂದ ಗಲ್ಲದವರೆಗೆ ಬಿರಿಯಿತು. ಹರಿಣಾಕ್ಷಿ ಅಂಚು ಒದ್ದೆ ಮಾಡಿ, ಹುಬ್ಬಿನ ಹತ್ತಿರ ಉಗುರಿನಿಂದ ಬಿಡಿಸಿ, ನೋಯಿಸದೆ ತೆಗೆದಳು. ಒಳಗಿನಿಂದ ಹುಣಸೆಹುಳಿ ಹಾಕಿ ತಿಕ್ಕಿದ ಹಿತ್ತಾಳೆ ಚೆಂಬಿನಂಥ ಮುಖ ಹೊರಬಂತು. ಶಂಕರಿಯಮ್ಮ ಕನ್ನಡಿಯಲ್ಲಿ ಆಚೆ ಈಚೆ ತಿರುಗಿ ನೋಡಿಕೊಂಡರು. ಎಷ್ಟು ತಡೆದರೂ ಖುಷಿ ಕಂಡೇ ಕಂಡಿತು. ಹೋಗುವಾಗ ಯಾರ ಮುಖವನ್ನೂ ನೋಡಲಿಲ್ಲ.

ಮರುದಿನ ಬೆಳಿಗ್ಗೆ ತಾಯಿ ಚೆನ್ನುವಿನ ಫೋನು ಬಂತು.

“ನೀನು ಎಂತ ಮಾಡಿದಿ ಮಗಾ? ಆ ಅಮ್ಮ ನಿನ್ನೆ ನಿನಗೆ ಬೈತಾ ಬಾವಿಕಟ್ಟೆಯಲ್ಲಿ ನಿಂತು ಕೊಡಗಟ್ಲೆ ನೀರು ಹೊಯ್ಕೊಂಡದ್ದು. ಕುತ್ತಿಗೆಯಿಂದ ಕೆಳಗೆ ಮಾತ್ರ. ಮುಖ ಆಕಾಶಕ್ಕೆ ಮಾಡಿಕೊಂಡು, ಮಳೆಗೆ ಕಾಯುವ ಕಪ್ಪೆಯ ಹಾಗೆ.”

ಹರಿಣಾಕ್ಷಿಗೆ ನಗು ತಡೆಯಲಾಗಲಿಲ್ಲ. ತಾನು ಮುಟ್ಟಿದ ಜಾಗವೊಂದನ್ನು ಬಿಟ್ಟು ಉಳಿದ ಮೈಯೆಲ್ಲ ಶುದ್ಧವಾಗಿತ್ತು. ನಕ್ಕು ಮುಗಿದ ಮೇಲೆ ದಾರಿಯ ಮಾತು ನೆನಪಾಯಿತು.

“ನೀನು ಇವತ್ತು ಕೆಲಸಕ್ಕೆ ಹೋಗ್ಲಿಲ್ವಾ ಅಪ್ಪೆ?”

“ಎಲ್ಲಿಂದ ಹೋಗುದು? ಬೆಳಿಗ್ಗೆ ನೋಡುವಾಗ ನಮ್ಮ ದಾರಿಗೆ ಮುಳ್ಳುತಂತಿ. ಆ ಅಮ್ಮನ ಗಂಡ, ಧಣಿಯೇ ಎದುರು ನಿಂತು ಹಾಕಿಸಿದ್ದು. ಮಗಳ ನಿಶ್ಚಿತಾರ್ಥದ ಗೌಜಿಯಲ್ಲಿಯೂ ಅದಕ್ಕೆ ಪುರ್ಸೊತ್ತು ಸಿಕ್ಕಿತು ನೋಡು.”

“ನಾನು ಮಧ್ಯಾಹ್ನದ ಬಸ್ಸಿಗೆ ಬರ್ತೇನೆ. ಅವರ ಕಾಲು ಹಿಡಿದು…”

“ಯಾರ ಕಾಲು? ಬಾಯಿ ಮುಚ್ಚು. ತಂತಿ ಕಡಿದಾಯ್ತು.”

“ಎಂತದು?”

“ವಯರಿಂಗ್ ಮಾಡುವ ಡೊಂಬಯ್ಯನ ಹತ್ರ ಕಟ್ಟಿಂಗ್ ಪ್ಲೇಯರ್ ಇತ್ತಲ್ಲ. ಈಗ ನಾವು ಹೆಂಗಸರೆಲ್ಲ ಧಣಿಯ ಮನೆಯ ರಸ್ತೆಯಲ್ಲೇ ಕೂತಿದ್ದೇವೆ. ನಮಗೆ ದಾರಿ ಇಲ್ಲ ಅಂದ್ರೆ ಅವ್ರಿಗೂ ಬೇಡ. ಮಂಗಳೂರಿನವರ ಕಾರು ಬರುದು ಕಾಣ್ತಾ ಉಂಟು.”

ಫೋನಿನಲ್ಲಿ ಹಾರ್ನ್ ಕೇಳಿತು. ಮೊದಲು ಒಂದು, ಆಮೇಲೆ ಸಾಲಾಗಿ. ಆ ಗದ್ದಲದ ನಡುವೆ ಚೆನ್ನು ಪಕ್ಕದಲ್ಲಿದ್ದ ಯಾರಿಗೋ ಹೇಳುತ್ತಿದ್ದಳು: “ಏಳ್ಬೇಡ. ಕೂತ್ಕೊ.”