ಹೊಳೆಯ ಪರವಾಗಿ ಮಾತಾಡಿದ ಮಗ್ಗದ ಬೀರಪ್ಪ

ದೊಡ್ಡಬಳ್ಳಾಪುರದ ಬೀರಪ್ಪನವರ ಮನೆಯಲ್ಲಿ ಮಗ್ಗದ ಸದ್ದು ನಿಂತರೆ ಮಲಗಿದ್ದವರಿಗೂ ಎಚ್ಚರವಾಗುತ್ತದೆ. ಆ ಬೇಸಿಗೆಯಲ್ಲಿ ಹಾಗೆ ಪದೇ ಪದೇ ಎಚ್ಚರವಾಗುತ್ತಿತ್ತು. ಸೆರಗು ಅರ್ಧ ನೇಯ್ದಿರುವಾಗಲೇ ಕರೆಂಟ್ ಹೋಗಿಬಿಡುತ್ತಿತ್ತು.

“ಬಂತು ಅನ್ನೋಷ್ಟರಲ್ಲಿ ಮತ್ತೆ ಹೋಯ್ತು ನೋಡ್ರೀ. ಮದುವೆ ಸೀರೆ ಇದು. ಹುಡುಗಿ ಮನೆಯವ್ರು ಬಂದು ಕೂತ್ರೆ ಏನ್ ಹೇಳಾಣ?” ಎಂದು ಹೆಂಡತಿ ಆದಿಲಕ್ಷ್ಮಮ್ಮ ಗೊಣಗುತ್ತಿದ್ದರು.

ಅಂಥದ್ದೇ ಒಂದು ಮಧ್ಯಾಹ್ನ ಮಗ್ಗದವರ ಸಂಘದ ಮೂರ್ತಿ ಬಂದರು.

“ಬೀರಪ್ಪಣ್ಣ, ಘಟ್ಟದ ಕಾಡಲ್ಲಿ ಹೊಸ ಡ್ಯಾಮ್ ಕಟ್ತಾರಂತೆ. ನೀರಿಂದ ಕರೆಂಟ್. ಜನ ಏನಂತಾರೆ ಅಂತ ಕೇಳೋಕೆ ಅಲ್ಲಿ ಸಭೆ ಕರೆದಿದ್ದಾರೆ. ಸಂಘದ ಪರವಾಗಿ ನೀವೇ ಹೋಗಿ, ಡ್ಯಾಮ್ ಬೇಕೇ ಬೇಕು ಅಂತ ಹೇಳ್ಬಿಟ್ಟು ಬನ್ನಿ. ಹೆಂಗಿದ್ರೂ ನಿಮ್ಮ ಮಗಳು ಅಲ್ಲೇ ನರ್ಸ್ ಅಲ್ವಾ?”

ಮಗಳು ಅಕ್ಷತ ಆ ಕಾಡಿನ ಊರಿನ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದ ಮೇಲೆ ಬೀರಪ್ಪ ಒಮ್ಮೆಯೂ ಅತ್ತ ಹೋಗಿರಲಿಲ್ಲ. ಒಂದೇ ಪ್ರಯಾಣದಲ್ಲಿ ಎರಡೂ ಕೆಲಸ ಆದೀತೆಂದು ಹೊರಟರು. ಆದಿಲಕ್ಷ್ಮಮ್ಮ ಹುರಿದ ಅವರೆಕಾಳು, ಹುಳಿಪುಡಿ ಕಟ್ಟಿಕೊಟ್ಟರು.

ಸಂಜೆ ಬಸ್ಸಿಳಿದಾಗ ಅಕ್ಷತ ಕಾಯುತ್ತಾ ನಿಂತಿದ್ದಳು. ಅಪ್ಪನ ಕೈಯಿಂದ ಚೀಲ ಕಿತ್ತುಕೊಂಡು, “ಎಷ್ಟು ಬಡವಾಗಿದ್ಯ ಅಪ್ಪ!” ಎಂದಳು. ಊಟ ಮಾಡುವಾಗ ಅವರು ಬಂದ ಕಾರಣ ಹೇಳಿದರು. ಅವಳ ಮುಖ ಚಿಕ್ಕದಾಯಿತು.

“ಬೇಡ ಅನ್ನಲ್ಲ ಅಪ್ಪ. ನಿನ್ನ ಕಷ್ಟ ನಂಗೊತ್ತು. ಆದ್ರೆ ನಾಳೆ ಮಾತಾಡೋಕೆ ಮುಂಚೆ ಒಂದ್ಸಲ ನನ್ಜೊತೆ ಬಂದು ಹೊಳೆ ನೋಡು.”

ಬೆಳಿಗ್ಗೆ ಅಕ್ಷತ ಎದ್ದು ಸ್ನಾನಕ್ಕೆ ಹೋದಾಗ ಬೀರಪ್ಪ ಕಾಯದೆ ಒಬ್ಬರೇ ನಡೆದರು. ದೊಡ್ಡ ದೊಡ್ಡ ಮರಗಳ ನಡುವೆ ಕಾಲುದಾರಿ ಇಳಿದು ಹೊಳೆಗೆ ಬಂದರೆ ಅಲ್ಲಿ ನೀರೇ ಇಲ್ಲ! ಬರೀ ಕಲ್ಲು. ಅಲ್ಲೊಂದು ಇಲ್ಲೊಂದು ಗುಂಡಿಯಲ್ಲಿ ಬಗ್ಗಡ. ಅದರಲ್ಲಿ ಮೀನುಗಳು ಬಾಯಿ ತೆರೆದು ಒದ್ದಾಡುತ್ತಿದ್ದವು. ಅವುಗಳನ್ನು ನೋಡುತ್ತಾ ಬೀರಪ್ಪ ಹೊಳೆಯ ನಡುವಿನವರೆಗೂ ಹೋದರು.

ದೂರದಲ್ಲಿ ಸೈರನ್ ಕೂಗಿತು. ಯಾವುದೋ ಫ್ಯಾಕ್ಟರಿ ಇರಬೇಕು ಅಂದುಕೊಂಡರು.

“ಅಪ್ಪಾ! ದಡಕ್ಕೆ ಬಾ! ಓಡು!”

ಅಕ್ಷತ ಒದ್ದೆ ಕೂದಲಲ್ಲೇ ಓಡಿ ಬರುತ್ತಿದ್ದಳು. ಕಲ್ಲಿನ ಮೇಲೆ ಜಾರಿ ಬಿದ್ದು, ಎದ್ದು, ಅಪ್ಪನ ಕೈ ಹಿಡಿದು ದರದರ ಎಳೆದಳು. ಅವರು ದಡ ಹತ್ತುವಷ್ಟರಲ್ಲಿ ಭೋರೆಂದು ನೀರು ಬಂತು. ಬೀರಪ್ಪ ನಿಂತಿದ್ದ ಬಂಡೆ ಕಾಣದಾಯಿತು.

ಅಕ್ಷತ ಎಷ್ಟೋ ಹೊತ್ತು ಕೈ ಬಿಡಲಿಲ್ಲ. “ಜೀವಾನೇ ಹೋದಂಗಾಯ್ತು ಅಪ್ಪ,” ಎಂದು ಅತ್ತಳು. ಬೀರಪ್ಪ ಮಗಳ ಮೊಣಕಾಲಿನ ರಕ್ತ ಒರೆಸಿದರು.

ಸದ್ದು ಕೇಳಿ ಪಕ್ಕದ ಗುಡಿಸಲಿನ ಬೆಳ್ಳಜ್ಜಿ ಬಂದರು. “ಮೇಲೊಂದು ಹಳೇ ಡ್ಯಾಮ್ ಉಂಟು ಮಗ. ಕರೆಂಟ್ ಮಾಡುವಾಗ ಸೈರನ್ ಕೂಗಿಸಿ ನೀರು ಬಿಡ್ತಾರೆ. ಇಲ್ಲದಿದ್ರೆ ಹೊಳೆ ಒಣಗಿಯೇ ಇರ್ತದೆ. ನಾನು ಹುಟ್ಟಿದ ಊರು ಆ ಡ್ಯಾಮಿನ ತಳದಲ್ಲಿ ಉಂಟು. ಆಗ ನಮ್ಮನ್ನ ಇಲ್ಲಿಗೆ ಕಳಿಸಿದ್ರು. ಹೊಸ ಡ್ಯಾಮ್ ಬಂದ್ರೆ ಈ ಊರೂ ಮುಳುಗ್ತದೆ. ಇನ್ನೆಲ್ಲಿಗೆ ಹೋಗುದು?”

ವಾಪಸ್ ಬರುವಾಗ ಬೀರಪ್ಪ ಮಗಳನ್ನು ಕೇಳಿದರು: “ನೀರಿನ ಕರೆಂಟಲ್ಲಿ ಹೊಗೆ ಇಲ್ಲ, ಏನೂ ಕೆಡಲ್ಲ ಅಂತಾರಲ್ಲಮ್ಮ?”

“ಹೊಗೆ ಕಾಣಲ್ಲ ಅಪ್ಪ. ಇಂಥ ದಟ್ಟ ಕಾಡನ್ನ ಮುಳುಗಿಸಿದ್ರೆ ಮರ, ಎಲೆ ಎಲ್ಲ ನೀರೊಳಗೇ ಕೊಳೀತವೆ. ಅದ್ರಿಂದ ಮೀಥೇನ್ ಅನ್ನೋ ಗ್ಯಾಸ್ ಏಳುತ್ತೆ. ಗೋಬರ್ ಗ್ಯಾಸಲ್ಲಿ ಉರಿಯುತ್ತಲ್ಲ, ಅದೇ. ಅದು ಭೂಮಿನ ಇನ್ನೂ ಬಿಸಿ ಮಾಡುತ್ತೆ. ಮೀನು ಮೇಲಕ್ಕೆ ಹತ್ತಿ ಮೊಟ್ಟೆ ಇಡೋ ದಾರಿ ಮುಚ್ಚೋಗುತ್ತೆ. ಆನೆ ಓಡಾಡೋ ದಾರಿ ಮುಳುಗಿದ್ರೆ ಅವು ಊರಿಗೆ ನುಗ್ತವೆ.”

“ಹಂಗಾದ್ರೆ ಎಲ್ಲಾ ಡ್ಯಾಮೂ ಕೆಟ್ಟದ್ದಾ?”

“ಹಂಗಲ್ಲ. ಎಲ್ಲಿ ಕಟ್ತಾರೆ, ಹೆಂಗೆ ಕಟ್ತಾರೆ, ಅದ್ರ ಮೇಲೆ ಹೋಗುತ್ತೆ. ಅದನ್ನ ಮೊದ್ಲೇ ಯೋಚನೆ ಮಾಡ್ಬೇಕು. ಒಂದ್ಸಲ ಮುಳುಗಿದ ಕಾಡನ್ನ ಆಮೇಲೆ ತರೋಕಾಗಲ್ಲ. ಅದಿರ್ಲಿ, ನಿಂಗೆ ಕರೆಂಟ್ ಜಾಸ್ತಿ ಹೋಗೋದು ಯಾವಾಗ?”

“ಬೇಸಿಗೇಲಿ.”

“ಬೇಸಿಗೆ ಮುಗಿಯೋಷ್ಟರಲ್ಲಿ ಮೇಲಿನ ಡ್ಯಾಮಲ್ಲೇ ತಳ ಕಾಣುತ್ತೆ ಅಪ್ಪ. ಮಳೆ ಸರಿಯಾಗಿ ಆಗದ ವರ್ಷ ಇನ್ನೂ ಕಷ್ಟ. ಕೆಳಗೆ ಇನ್ನೊಂದು ಕಟ್ಟಿದ್ರೆ ತುಂಬಿಸೋಕೆ ನೀರೆಲ್ಲಿಂದ ತರ್ತಾರೆ?”

ಸಭೆಯಲ್ಲಿ ಬೀರಪ್ಪನವರ ಹೆಸರು ಕರೆದರು. ಮೈಕಿನ ಮುಂದೆ ನಿಂತಾಗ ಎದುರಿಗೆ ಬೆಳ್ಳಜ್ಜಿ ಕೂತದ್ದು ಕಂಡಿತು.

“ನಾನು ದೊಡ್ಡಬಳ್ಳಾಪುರದ ಮಗ್ಗದೋನು. ನಂಗೆ ಕರೆಂಟ್ ಬೇಕು, ಸುಳ್ಳು ಹೇಳಲ್ಲ. ಇಲ್ಲಿ ಡ್ಯಾಮ್ ಬೇಕು ಅಂತ ಹೇಳೋಕೇ ಬಂದಿದ್ದೆ. ಆದ್ರೆ ಈ ಅಜ್ಜಿ ಮನೆ ಎರಡನೇ ಸಲ ಮುಳುಗಿಸಿ ನನ್ನ ಮಗ್ಗ ಓಡೋದಾದ್ರೆ, ಆ ಸೀರೇನ ನಾನು ಯಾವ ಮುಖ ಇಟ್ಕೊಂಡು ಮದುವೆ ಮನೆಗೆ ಕೊಡ್ಲಿ? ಬೇಸಿಗೇಲಿ ನೀರು ಎಷ್ಟಿರುತ್ತೆ, ಕಾಡು ಎಷ್ಟು ಹೋಗುತ್ತೆ, ಹೊಳೆಗೆ ಯಾವಾಗ್ಲೂ ಒಂದಿಷ್ಟು ನೀರು ಬಿಡ್ತೀರಾ, ಇದನ್ನೆಲ್ಲ ನೋಡಿದೀರಾ ಸ್ವಾಮಿ? ನಮ್ಮೂರಲ್ಲಿ ಅಷ್ಟೊಂದು ಮಗ್ಗದ ಶೆಡ್ ಇದಾವೆ. ಅವುಗಳ ಮೇಲೆ ಬೀಳೋ ಬಿಸಿಲನ್ನ ಮೊದ್ಲು ಬಳಸ್ಕೊಳ್ಳಿ.”

ಆಮೇಲೆ ತಿಳಿಯಿತು: ಯೋಜನೆಗಾಗಿ ಕಾಡನ್ನು ಅಧ್ಯಯನ ಮಾಡಿದ್ದು ಒಂದೇ ಒಂದು ಬೇಸಿಗೆಯಲ್ಲಿ. ಎಲ್ಲಾ ಕಾಲದಲ್ಲೂ ನೋಡಿ, ಬೇರೆ ದಾರಿಗಳನ್ನೂ ಹುಡುಕಿ ಮತ್ತೆ ಬನ್ನಿ ಎಂದು ಯೋಜನೆಯವರಿಗೆ ಸರ್ಕಾರದಿಂದ ಸೂಚನೆ ಬಂತು. ಡ್ಯಾಮಿನ ಯೋಜನೆ ಪೂರ್ತಿ ನಿಂತಿಲ್ಲ. ಆದರೆ ಅವಸರ ನಿಂತಿತು.

ಸಭೆ ಮುಗಿಸಿ ಬೀರಪ್ಪ ಊರಿಗೆ ಬಂದಾಗ ಮೂರ್ತಿ ಸಿಟ್ಟಾಗಿದ್ದರು. “ಏನಣ್ಣಾ, ಡ್ಯಾಮ್ ಕೇಳಿ ಬನ್ನಿ ಅಂದ್ರೆ ಬೇಡ ಅಂದ್ಬಿಟ್ಟು ಬಂದ್ರಾ?”

ಆದಿಲಕ್ಷ್ಮಮ್ಮನವರೂ ದನಿಗೂಡಿಸಿದರು. “ಕಾಡು ಉಳಿಸೋಕೆ ಹೋಗಿ ನಮ್ಮ ಮಗ್ಗ ನಿಲ್ಲಿಸ್ತೀರಾ?”

ಬೀರಪ್ಪ ಹೊಳೆಯಲ್ಲಿ ನಡೆದದ್ದನ್ನೂ ಸಭೆಯಲ್ಲಿ ತಾವು ಆಡಿದ ಮಾತನ್ನೂ ಹೇಳಿದರು. ಮಗಳು ಜಾರಿ ಬಿದ್ದದ್ದು ಕೇಳಿ ಆದಿಲಕ್ಷ್ಮಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಮೂರ್ತಿ ಮಗ್ಗದ ಶೆಡ್ಡಿನತ್ತ ನೋಡಿ, “ಆ ಬಿಸಿಲಿನ ಕರೆಂಟ್ ವಿಚಾರ ಏನಣ್ಣಾ? ನಿಜವಾಗ್ಲೂ ಮಗ್ಗ ಓಡುತ್ತಾ?” ಎಂದು ಕೇಳಿದರು.

ಸಂಘದವರು ಎಂಜಿನಿಯರನ್ನು ಕರೆಸಿ ಶೆಡ್ಡುಗಳನ್ನು ತೋರಿಸಿದರು. ಹೆಚ್ಚು ಕರೆಂಟ್ ತಿನ್ನುತ್ತಿದ್ದ ಹಳೆಯ ಮೋಟಾರುಗಳನ್ನು ಬದಲಾಯಿಸಿದರು. ಮಳೆಗಾಲ ಮುಗಿದ ಮೇಲೆ ಬೀರಪ್ಪನವರ ಶೆಡ್ಡಿನ ಮೇಲೆ ಸೋಲಾರ್ ಹಲಗೆ, ಒಳಗೆ ಬ್ಯಾಟರಿ ಬಂತು. ಈಗ ಹಗಲಿನ ನೇಯ್ಗೆಯ ಬಹುಪಾಲು ಬಿಸಿಲಿನಿಂದಲೇ ನಡೆಯುತ್ತದೆ. ಮೋಡವಿದ್ದರೆ, ಕತ್ತಲಾದರೆ ಲೈನಿನ ಕರೆಂಟ್ ಇದ್ದೇ ಇದೆ.

ಅದು ಶುರುವಾದ ದಿನ ಆದಿಲಕ್ಷ್ಮಮ್ಮ ಮಗಳಿಗೆ ಫೋನ್ ಮಾಡಿದರು. “ನಮ್ಮ ಮಗ್ಗ ಓಡ್ತಿದೆ ಕಣೇ. ಆ ಅಜ್ಜಿಗೂ ಹೇಳು.”

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮಲ್ಲೊಂದು ಮಾತು. ಕರೆಂಟ್ ನಮಗೆ ಬೇಕು. ಅದು ಯಾವ ಕಾಡಿನಿಂದ, ಯಾರ ಮನೆಯಂಗಳದಿಂದ ಬರುತ್ತದೆ ಎಂದು ಕೇಳುವುದೂ ನಮ್ಮ ಕೆಲಸವೇ. ಇಂಥ ಯೋಜನೆಗಳ ಬಗ್ಗೆ ಜನರ ಸಭೆ ಕರೆದಾಗ ಯೋಜನಾ ವರದಿಯ ಕನ್ನಡ ಸಾರಾಂಶ ಕೇಳಿ ಪಡೆದು ಓದಿ. ಹೋಗಲಾಗದಿದ್ದರೆ ನಿಮ್ಮ ಅಭಿಪ್ರಾಯ ಬರೆದು ಕಳಿಸಿ. ಮನೆಯಲ್ಲಿ ಬೇಡದ ದೀಪ ಆರಿಸಿ, ಸೂರಿನ ಮೇಲೆ ಬೀಳುವ ಬಿಸಿಲನ್ನು ಬಳಸಿ. ಘಟ್ಟದಲ್ಲಿ ಹೊಳೆ ಹರಿಯುತ್ತಿರಲಿ, ಅದರ ದಡದವರು ತಮ್ಮ ಮನೆಯಲ್ಲೇ ನಿಶ್ಚಿಂತೆಯಿಂದ ಮಲಗಲಿ.